ಗಣತಿಯೋ, ಸ್ಯಾಂಪಲ್ಲೋ, ಮನೆ ಮನೆ ತಿರುಗುವುದೋ?

ಮೇಷ್ಟ್ರ ಕೆಲಸದ ನಡುವೆ ಸಮಾಜಶಾಸ್ತ್ರದ ಪ್ರಬಂಧಕ್ಕೆ ಕೈ ಹಾಕಿದವನಿಗೆ ಪ್ರಶ್ನೆಯೇನೋ ಸುಲಭವಾಗಿ ಸಿಕ್ಕಿತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಎರಡು ದಶಕದಲ್ಲಿ ಯಾರು ಹೆಚ್ಚಾದರು, ಯಾರು ಊರು ಬಿಟ್ಟರು, ಉಳಿದವರಲ್ಲಿ ಇದ್ದವರಿಗೂ ಇಲ್ಲದವರಿಗೂ ಅಂತರ ಎಷ್ಟು? ಉತ್ತರಕ್ಕಾಗಿ ಜನಗಣತಿಯ ಕೋಷ್ಟಕ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮನೆವಾರು ದತ್ತಾಂಶ, ಕೊನೆಗೆ ನನ್ನದೇ ಸರ್ವೆ, ಮೂರನ್ನೂ ಹಿಡಿದು ನೋಡಿದೆ. ಜನಸಂಖ್ಯೆಯ ಏರಿಳಿತಕ್ಕೆ ಗಣತಿಯೇ ಗಟ್ಟಿ. ಅಸಮಾನತೆಗೆ ಅದೊಂದನ್ನೇ ನಂಬಿ ಕೂತರೆ ಕೆಟ್ಟಿರಿ.

ಗಣತಿಗೆ ಕಾಸು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಡ. ಕಾಸರಗೋಡು ಜಿಲ್ಲೆ 2001ರಲ್ಲಿ 12,04,078, 2011ರಲ್ಲಿ 13,07,375. ಹತ್ತು ವರ್ಷಕ್ಕೆ ಸುಮಾರು 8.6 ಶೇಕಡ ಏರಿಕೆ. ಗ್ರಾಮವಾರು ಪರಿಶಿಷ್ಟ ಜಾತಿ, ಪಂಗಡ, ಅಕ್ಷರಸ್ಥರು, ದುಡಿಯುವವರು ಎಲ್ಲ ಸಿಗುತ್ತದೆ. ಕೊರಗರಂಥ ಸಣ್ಣ ಸಮುದಾಯದ ಲೆಕ್ಕ ಬೇಕಾದರೆ ಇದೇ ಗತಿ. ಸ್ಯಾಂಪಲ್ ಸಮೀಕ್ಷೆಯ ಬಲೆಗೆ ಅವರು ಬೀಳುವುದೇ ಅಪರೂಪ. ಆದರೆ ಅಂಕಿ ಹಳತು. 2021ರ ಗಣತಿ ನಡೆಯಲಿಲ್ಲ, ಮುಂದಿನದಕ್ಕೆ ನಿಗದಿಯಾದ ದಿನ 2027ರ ಮಾರ್ಚ್ 1.

ಇಲ್ಲಿ ಎಡವಿದ್ದು ನಾನೇ. ಸಾವಿರ ಗಂಡಸರಿಗೆ 1,080 ಹೆಂಗಸರು ಎಂಬ 2011ರ ಲಿಂಗಾನುಪಾತ ನೋಡಿ, ಹೆಣ್ಣುಮಕ್ಕಳ ಪರಿಸ್ಥಿತಿ ಬಲು ಚೆನ್ನ ಎಂದು ಒಂದು ಪುಟ ಬರೆದಿದ್ದೆ. ನನ್ನ ಗೈಡ್ ಅಂಚಿನಲ್ಲಿ ಬರೆದದ್ದು ಎರಡೇ ಪದ: ‘ಗಂಡಸರು ಎಲ್ಲಿ?’ ದುಬೈ, ಶಾರ್ಜಾದಲ್ಲಿ ದುಡಿಯುವವರು ಊರಿನ ಗಣತಿಯಲ್ಲಿ ಇರುವುದಿಲ್ಲ, ಅವರು ಕಳಿಸಿದ ದುಡ್ಡು ಮಾತ್ರ ಊರಿನ ಮನೆಗಳಲ್ಲಿ ಕಾಣುತ್ತದೆ. ಹೋದವರ ಲೆಕ್ಕಕ್ಕೆ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಲ್ಲಿ ಶುರು ಮಾಡಿದ ಕೇರಳ ವಲಸೆ ಸಮೀಕ್ಷೆಯನ್ನು ಬೇರೆಯಾಗಿ ಓದಬೇಕಾಯಿತು.

ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರದ್ದು. ಕೇರಳದಲ್ಲಿ ಕೋವಿಡ್‌ಗೂ ಮೊದಲೇ ಮುಗಿದಿತ್ತು, ಹಾಗಾಗಿ ಅಂಕಿ ಗಣತಿಗಿಂತ ಹೊಸತು. ಇದರ ಆಸ್ತಿ ಸೂಚ್ಯಂಕದ ಜತೆ ನಾನು ಒಂದು ತಿಂಗಳು ಗುದ್ದಾಡಿದೆ. ಅವರು ಆದಾಯ ಕೇಳುವುದಿಲ್ಲ. ಫ್ರಿಡ್ಜ್ ಇದೆಯೇ, ಸ್ಕೂಟರ್ ಇದೆಯೇ, ನೆಲಕ್ಕೆ ಏನು ಹಾಸಿದ್ದಾರೆ, ಶೌಚಾಲಯ ಯಾವ ಬಗೆಯದು ಎಂದು ಕೇಳಿ, ಹಲವು ಉತ್ತರಗಳನ್ನು ಒಂದೇ ಅಂಕಿಗೆ ಇಳಿಸುವ ಪ್ರಿನ್ಸಿಪಲ್ ಕಾಂಪೊನೆಂಟ್ ಲೆಕ್ಕದಿಂದ ಪ್ರತಿ ಮನೆಗೊಂದು ಸ್ಕೋರ್ ಕೊಡುತ್ತಾರೆ. ಆಮೇಲೆ ಇಡೀ ದೇಶವನ್ನು ಸಾಲಾಗಿ ನಿಲ್ಲಿಸಿ ಐದು ಪಾಲು ಮಾಡುತ್ತಾರೆ. ಬಿಹಾರದ ಹಳ್ಳಿಯ ಜತೆ ನಿಲ್ಲಿಸಿದರೆ ನಮ್ಮ ಕಡೆಯ ಸಾಧಾರಣ ಹೆಂಚಿನ ಮನೆಯೂ ಮೇಲಿನ ಪಾಲಿಗೇ ಸೇರೀತು. ಕೇರಳದ ಹೆಚ್ಚಿನ ಮನೆಗಳು ಮೇಲಿನ ಎರಡು ಪಾಲಿನಲ್ಲೇ ಇವೆ. ಅಡಿಕೆ ತೋಟದ ಯಜಮಾನರೂ ಆ ತೋಟಕ್ಕೆ ಮದ್ದು ಬಿಡುವವನೂ ಒಂದೇ ಪಂಕ್ತಿಯಲ್ಲಿ!

ಪರಿಹಾರ ಇದೆ: ಅವರ ಐದು ಪಾಲನ್ನು ಬದಿಗಿಟ್ಟು, ಮೂಲ ಸ್ಕೋರನ್ನೇ ತೆಗೆದುಕೊಂಡು ಜಿಲ್ಲೆಯೊಳಗೆ ಹೊಸದಾಗಿ ಪಾಲು ಮಾಡುವುದು. ನಾನು ಅತಿಬುದ್ಧಿ ತೋರಿಸಿ ಅದೇ ಸ್ಕೋರಿಗೆ, ಅಸಮಾನತೆಯನ್ನು ಒಂದೇ ಸಂಖ್ಯೆಯಲ್ಲಿ ಅಳೆಯುವ ಜಿನಿ ಸೂಚ್ಯಂಕ ಹಾಕಿದೆ. 0 ಮತ್ತು 1ರ ಒಳಗಿರಬೇಕಾದ ಜಿನಿ 1ನ್ನು ದಾಟಿ ಕೂತಿತು. ಸ್ಕೋರಿನಲ್ಲಿ ಋಣ ಸಂಖ್ಯೆಗಳೂ ಇರುತ್ತವೆ, ಅದು ರೂಪಾಯಿ ಅಲ್ಲ ಎಂಬುದು ಆಮೇಲೆ ಹೊಳೆಯಿತು. ಇನ್ನೊಂದು, ಜಿಲ್ಲೆಗೆ ಸರಾಸರಿ 900ರಷ್ಟು ಮನೆ ಮಾತ್ರ. ಜಿಲ್ಲೆಯ ಒಟ್ಟು ಶೇಕಡಾವಾರು ಅಂಕಿಯೇ ಮೂರು-ನಾಲ್ಕು ಅಂಶ ಅತ್ತಿತ್ತ ಆಗಬಹುದು. ಪಂಚಾಯತ್ ಮಟ್ಟದ ಮಾತು ಇದರಲ್ಲಿ ಆಡಲೇಬಾರದು.

ಕೊನೆಗೆ ಚಪ್ಪಲಿ ಸವೆಸಿದೆ. ಒಂದು ವಾರ್ಡು, ಅಂಗನವಾಡಿ ಟೀಚರ ಹತ್ತಿರವಿದ್ದ ಮನೆಪಟ್ಟಿ, ಭಾನುವಾರಗಳು. ಎಷ್ಟು ಸೆಂಟ್ಸ್ ಜಾಗ, ಯಾರು ಹೊರಗಿದ್ದಾರೆ, ರೇಷನ್ ಕಾರ್ಡ್ ಯಾವ ಬಣ್ಣ. ಕಡುಬಡವರಿಂದ ಉಳ್ಳವರವರೆಗೆ ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ಸರಕಾರವೇ ಮನೆಗಳನ್ನು ವಿಂಗಡಿಸಿಟ್ಟಿದೆಯಲ್ಲ, ಕೆಲಸ ಸುಲಭ ಎಂದುಕೊಂಡಿದ್ದೆ. ಬಿಳಿ ಕಾರ್ಡಿನ ಮನೆಯಲ್ಲಿ ಸೋರುವ ಮಾಡು ನೋಡಿದ ಮೇಲೆ ಬಣ್ಣವನ್ನು ಅಳತೆಗೋಲು ಮಾಡಿಕೊಳ್ಳಲಿಲ್ಲ. ಭೂಮಿಯ ಲೆಕ್ಕ ಕೈಗೆ ಬಂದಿತು. ಸೆಂಟ್ಸ್‌ಗೆ ಜಿನಿ ಸರಿಯಾಗಿಯೇ ನಡೆಯುತ್ತದೆ, ಆದರೆ ಒಂದೇ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಅಸಮಾನತೆಯ ಇನ್ನೊಂದು ಅಳತೆಯಾದ ಥೈಲ್ ಸೂಚ್ಯಂಕ ಹಾಗಲ್ಲ. ಅಂತರದಲ್ಲಿ ಕಾಲನಿಗೂ ತೋಟದ ಮನೆಗಳಿಗೂ ನಡುವಿನದೆಷ್ಟು, ಆಯಾ ಗುಂಪಿನ ಒಳಗಿನದೆಷ್ಟು ಎಂದು ಬಿಡಿಸಿ ತೋರಿಸುತ್ತದೆ. ನನಗೆ ಬೇಕಿದ್ದದ್ದು ಅದೇ.

ಭಾಷೆಯ ಕಾಲಮ್ಮಿನಲ್ಲಿ ಮಾತ್ರ ನನ್ನ ಸರ್ವೆಯೂ ಸೋತಿತು. ಬಾಲ್ಯದಲ್ಲಿ ತಾಯಿ ಮಗುವಿನ ಹತ್ತಿರ ಆಡಿದ ಮಾತೇ ಗಣತಿಗೆ ಮಾತೃಭಾಷೆ, ಉತ್ತರ ಒಂದೇ ಇರಬೇಕು. ಒಬ್ಬರು ಅಕ್ಕ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಾ ಅಂದರು: “ಅಮ್ಮನ ಹತ್ರ ತುಳು, ಮಕ್ಕಳ ಹತ್ರ ಕನ್ನಡ, ಪೇಟೆಯಲ್ಲಿ ಮಲಯಾಳ. ನಿಮಗೆ ಯಾವುದು ಬೇಕೋ ಅದನ್ನು ಬರ್ಕೊಳ್ಳಿ ಮಾಸ್ಟ್ರೆ.” ಗಣತಿಯಲ್ಲಿ ಈ ಅಕ್ಕ ತುಳುವಿನ ಲೆಕ್ಕಕ್ಕೆ ಹೋಗುತ್ತಾರೆ. ಗಣತಿಯ ಕನ್ನಡದ ಸಂಖ್ಯೆ ಹಿಡಿದು ಗಡಿನಾಡಿನಲ್ಲಿ ಕನ್ನಡ ಓದುವವರು ಇಷ್ಟೇ ಎಂದು ಭಾಷಣ ಮಾಡುವವರು ಈ ಚಾವಡಿಗೆ ಒಮ್ಮೆ ಬಂದು ಕೂರಬೇಕು. ಮುಂದಿನ ಸಲಕ್ಕೆ ನಾನು ಮೂರು ಕಾಲಮ್ಮು ಇಟ್ಟಿದ್ದೇನೆ: ಆಡುವ, ಓದುವ, ವ್ಯವಹಾರದ ಭಾಷೆ.

ಇದೇ ಕೆಲಸಕ್ಕೆ ಹೊರಟವರು ಮೊದಲು ಗ್ರಾಮಗಳ ಪಟ್ಟಿ ಸರಿಮಾಡಿಕೊಳ್ಳಿ. 2011ರ ಗಣತಿಯಲ್ಲಿ ಜಿಲ್ಲೆಗೆ ಕಾಸರಗೋಡು, ಹೊಸದುರ್ಗ ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಆದವು. ಹೆಸರು ನೋಡಿ ಹೋಲಿಸಿದರೆ ಕಾಸರಗೋಡು ತಾಲೂಕಿನ ಬಹಳಷ್ಟು ಜನ ಎಲ್ಲಿಗೋ ಗುಳೆ ಹೋದಂತೆ ಕಂಡೀತು.