ಸೈಕಲ್‌ಗೆ ಫ್ಲ್ಯಾಟ್ ಪೆಡಲ್ಲೋ, ಕ್ಲಿಪ್‌ಲೆಸ್ಸೋ?

ಖರ್ಚು ನೋಡಿದರೆ ಕಾಲನ್ನು ಸುಮ್ನೆ ಮೇಲಿಡುವ ಫ್ಲ್ಯಾಟ್ ವಾಸಿ, ಇರುವ ಶೂನಲ್ಲೇ ಶುರು ಮಾಡಬಹುದು. ಶೂವನ್ನೇ ಪೆಡಲ್‌ಗೆ ಸಿಕ್ಕಿಸುವ ಕ್ಲಿಪ್‌ಲೆಸ್‌ಗೆ ಬೇರೆ ಶೂ ಬೇಕು, ಅದರ ಅಡಿಗೆ ಕ್ಲೀಟ್ (ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು) ಬೇಕು, ಅದು ಸವೆದರೆ ಬದಲಿಸಬೇಕು. ಹೆಸರಲ್ಲಿ ‘ಲೆಸ್’ ಇದ್ದರೂ ಕಾಲನ್ನು ಕಚ್ಚಿಕೊಳ್ಳುವುದು ಇದೇ. ಇಲ್ಲದಿರುವುದು ಕಾಲ್ಬೆರಳ ಕಡೆ ತೂರಿಸುವ ಹಳೇ ಟೋ ಕ್ಲಿಪ್ ಮಾತ್ರ!

ಪುಣೆ ಹತ್ತಿರದ ಸಿಂಹಗಡದಂಥ ಉದ್ದದ ಏರಿಗೆ ಕ್ಲಿಪ್‌ಲೆಸ್ ಸುಖ. ಕಲ್ಲುಗಳ ಮೇಲೆ ಸೈಕಲ್ ಕುಣಿದರೂ ಕಾಲು ಜಾರುವುದಿಲ್ಲ. ಆದರೆ ಹಿಮ್ಮಡಿ ಹೊರಗೆ ತಿರುಗಿಸಿದರಷ್ಟೇ ಬಿಡುತ್ತದೆ. ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ಅದನ್ನು ಮರೆತು, ನಿಂತಲ್ಲೇ ಬಾಳೆಗಿಡದ ಹಾಗೆ ಒರಗಿದ್ದೆ. ಮಳೆಗಾಲದಲ್ಲಿ ಕ್ಲೀಟಿಗೆ ಕೆಸರು ಮೆತ್ತಿದರೆ ಸಿಕ್ಕಿಸುವುದೇ ಕಷ್ಟ.

ಫ್ಲ್ಯಾಟ್‌ನಲ್ಲಿ ಸುಮ್ನೆ ಕಾಲು ಇಳಿಸಿದರಾಯಿತು. ಕಾಲು ತಪ್ಪಿದರೆ ಮಾತ್ರ ಪೆಡಲ್ ಮೇಲಿನ ಪಿನ್ನು ಮೊಣಕಾಲ ಕೆಳಗಿನ ಮುಂಭಾಗವನ್ನು ಗೀರುತ್ತದೆ.

ಇಳಿಜಾರು, ತಿರುವು ಕಲಿಯುತ್ತಿದ್ದರೆ ಫ್ಲ್ಯಾಟ್ ಹಾಕಿ. ಒಂದೇ ಸಮ 50 ಕಿಲೋಮೀಟರ್ ತುಳಿಯುವವರಾದರೆ ಕ್ಲಿಪ್‌ಲೆಸ್. ಕ್ಲೀಟನ್ನು ಹಿಡಿಯುವ ಪೆಡಲ್‌ನ ಸ್ಪ್ರಿಂಗ್ ಸಡಿಲ ಇಟ್ಟು, ಮೊದಲು ಹುಲ್ಲಿನ ಮೇಲೆ ಅಭ್ಯಾಸ ಮಾಡಿ.