ನೀರಿನ ಚೀಲ, ಮಿಲಿಟರಿ ಬಾಟಲಿ, ಗೇಟೊರೇಡ್ ಬಾಟಲಿ: ಮರುಭೂಮಿ ಬೇಟೆಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೇಟೊರೇಡ್ ಬಾಟಲಿಗೆ. ಗೇಟೊರೇಡ್ ಅನ್ನುವ ಪಾನೀಯ ಕುಡಿದು ಮುಗಿಸಿ ಎಲ್ಲರೂ ಕಸಕ್ಕೆ ಹಾಕುವ ಅದೇ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ. ತೊಳೆದು, ನೀರು ತುಂಬಿ, ನಾಲ್ಕನ್ನು ಬ್ಯಾಗಿಗೆ ಹಾಕಿದರೆ ನನ್ನ ಒಂದು ದಿನದ ಬೇಟೆ ನಡೆಯುತ್ತದೆ. ಸುಮಾರು ಐವತ್ತು ಡಾಲರ್ ಕೊಟ್ಟು ತಂದ ಪೈಪಿನ ನೀರಿನ ಚೀಲ ಈಗ ಗ್ಯಾರೇಜಿನಲ್ಲಿ ಮೊಳೆಗೆ ನೇತಾಡುತ್ತಿದೆ.

ನಾನು ವಿರಾಜಪೇಟೆ ಕಡೆಯವನು. ಅರಿಜೋನಾದ ಟೂಸಾನ್‌ಗೆ ಬಂದು ಇಪ್ಪತ್ತು ವರ್ಷ ದಾಟಿತು. ಊರಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತ್ತು. ನನಗೆ ಸಿಕ್ಕಿದ್ದು ಅಜ್ಜನ ಕಥೆಗಳು ಮಾತ್ರ. ಆ ಕಥೆಗಳಲ್ಲಿ ಜಿಗಣೆ ಇರುತ್ತಿತ್ತು, ಮಳೆ ಇರುತ್ತಿತ್ತು, ಕಾಡುಹಂದಿ ಇರುತ್ತಿತ್ತು. ಕುಡಿಯುವ ನೀರಿನ ಮಾತು ಒಂದು ಸಲವೂ ಬಂದಿಲ್ಲ. ಕೊಡಗಿನ ಕಾಡಲ್ಲಿ ಯಾವ ಇಳಿಜಾರು ಇಳಿದರೂ ತೋಡು ಸಿಗುತ್ತದೆ, ಬೊಗಸೆ ಹಿಡಿದರೆ ಆಯಿತು. ಇಲ್ಲಿ ಸೊನೋರನ್ ಮರುಭೂಮಿಯಲ್ಲಿ ನಾನು ಮೊದಲು ಕಲಿತ ಪಾಠವೇ ನೀರು. ಗುರಿ ಹಿಡಿಯುವುದು, ಹೆಜ್ಜೆ ಗುರುತು ಓದುವುದು ಎಲ್ಲ ಆಮೇಲೆ.

ಕಲಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಐವತ್ತು ವರ್ಷಕ್ಕೂ ಮೇಲೆ ಇದೇ ಬೆಟ್ಟಗಳಲ್ಲಿ ಬೇಟೆಯಾಡಿದವರು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ, ನನ್ನನ್ನು 'ಮಿಹೋ' ಅಂತ ಕರೆಯುತ್ತಾರೆ, ಅಂದರೆ ಮಗನೇ ಅಂತ. ಬೆಳಗ್ಗೆ ಟ್ರಕ್ ಹತ್ತುವ ಮೊದಲು ಮನೆ ಬಾಗಿಲಲ್ಲೇ ನಿಂತು ದೊಡ್ಡ ಲೋಟ ನೀರು ಕುಡಿಯುತ್ತಾರೆ, ನನಗೂ ಕುಡಿಸುತ್ತಾರೆ. "ನೀರು ಹೊಟ್ಟೆಯಲ್ಲಿದ್ದರೆ ಕೆಲಸ ಮಾಡುತ್ತೆ, ಬಾಟಲಿಯಲ್ಲಿದ್ದರೆ ಬರೀ ಭಾರ" ಅನ್ನುವುದು ಅವರ ಮಾತು.

ಮೂರು ಬಗೆಯಲ್ಲೂ ನಾನು ನೀರು ಹೊತ್ತಿದ್ದೇನೆ. ಒಂದು, ಬೆನ್ನಿನ ಬ್ಯಾಗಿನೊಳಗೆ ಕೂರುವ ಮೂರು ಲೀಟರಿನ ಚೀಲ, ಹೆಗಲ ಮೇಲಿಂದ ಬಾಯಿಗೆ ಬರುವ ಪೈಪ್. ಎರಡು, ದಪ್ಪ ಬಟ್ಟೆಯ ಹೊದಿಕೆ ಇರುವ ಹಳೆಯ ಮಿಲಿಟರಿ ಬಾಟಲಿ. ಮೂರು, ಆಗಲೇ ಹೇಳಿದ ಗೇಟೊರೇಡ್ ಬಾಟಲಿ.

ಚೀಲ ತಂದ ಮೊದಲ ವರ್ಷ ನನಗೆ ಅದು ತುಂಬ ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ನಿಲ್ಲಬೇಕಿಲ್ಲ, ಬ್ಯಾಗ್ ಇಳಿಸಬೇಕಿಲ್ಲ, ನಡೆಯುತ್ತಲೇ ಹೀರಬಹುದು. ಕೈ ಕೋವಿಯ ಮೇಲೇ ಇರುತ್ತದೆ. ಹೀಗೆ ಎರಡು ಸೀಸನ್ ಕಳೆಯಿತು.

ಮೂರನೇ ವರ್ಷದ ಫೆಬ್ರವರಿ. ಹಾವೆಲೀನಾ ಬೇಟೆಗೆ ಲಾಟರಿಯಲ್ಲಿ ಪರ್ಮಿಟ್ ಸಿಕ್ಕಿತ್ತು. ಹಾವೆಲೀನಾ ನೋಡಲು ಹಂದಿಯ ಹಾಗಿದ್ದರೂ ಹಂದಿಯಲ್ಲ, ಪೆಕರಿ ಅನ್ನುವ ಬೇರೆಯೇ ಕುಲ. ಮೂಗು ಚುರುಕು, ಕಣ್ಣು ಮಂದ, ಮುಖ್ಯ ಊಟ ಪಾಪಾಸುಕಳ್ಳಿ. ಚಳಿಗಾಲದ ಬೆಳಗ್ಗೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಂದು ಬಿಸಿಲು ಕಾಯಿಸುತ್ತದೆ. ಹಾಗಾಗಿ ಈ ಬೇಟೆಯಲ್ಲಿ ನಡೆಯುವುದಕ್ಕಿಂತ ಕೂರುವುದೇ ಜಾಸ್ತಿ. ಎದುರು ಗುಡ್ಡದಲ್ಲಿ ಕೂತು, ಬೈನಾಕ್ಯುಲರ್ ಹಿಡಿದು, ಒಂದೊಂದೇ ಪೊದೆ ನೋಡುತ್ತಾ ಹೋಗಬೇಕು.

ಸಾಂತಾ ರೀಟಾ ಬೆಟ್ಟದ ಬುಡದಲ್ಲಿ, ಟ್ರಕ್ಕಿನಿಂದ ಏಳು ಕಿಲೋಮೀಟರ್ ಒಳಗೆ, ಒಂದು ಮೆಸ್ಕೀಟ್ ಮರದ ಕೆಳಗೆ ಕೂತೆ. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಅಣ್ಣತಮ್ಮಂದಿರು. ಬ್ಯಾಗನ್ನು ಪಕ್ಕದ ಕಡ್ಡಿಕಸದ ರಾಶಿಗೆ ಒರಗಿಸಿದೆ. ಆ ರಾಶಿ ಪ್ಯಾಕ್ ರ‍್ಯಾಟ್ ಅನ್ನುವ ಇಲಿಯ ಗೂಡು ಅಂತ ನನಗೆ ಗೊತ್ತಿತ್ತು. ಆ ಇಲಿ ಚೋಯಾ ಕಳ್ಳಿಯ ತುಂಡುಗಳನ್ನು ಹೊತ್ತು ತಂದು ಗೂಡಿನ ಮೇಲೆ ಪೇರಿಸಿಕೊಳ್ಳುತ್ತದೆ, ನರಿ ಕಯೋಟಿ ಹತ್ತಿರ ಬರದಿರಲಿ ಅಂತ. ಅದೂ ಗೊತ್ತಿತ್ತು. ಆದರೆ ಕಣ್ಣು ಎದುರು ಗುಡ್ಡದ ಮೇಲಿತ್ತು.

ಅರ್ಧ ಗಂಟೆ ಕೂತು ಎದ್ದೆ, ಬ್ಯಾಗ್ ಹಾಕಿಕೊಂಡು ಇನ್ನೊಂದು ದಿಣ್ಣೆಗೆ ನಡೆದೆ. ಬೆನ್ನು ತಣ್ಣಗಾಯಿತು. ಬೆವರು ಅಂದುಕೊಂಡೆ. ಸೊಂಟದ ಹತ್ತಿರ ಪ್ಯಾಂಟ್ ಒದ್ದೆಯಾಯಿತು, ಆಗಲೂ ಬೆವರು ಅಂದುಕೊಂಡೆ. ಈ ಊರಿನ ಒಣ ಗಾಳಿಯಲ್ಲಿ ಬೆನ್ನು ಬಿಟ್ಟರೆ ಬೇರೆಲ್ಲೂ ಬೆವರು ನಿಲ್ಲುವುದಿಲ್ಲ, ಹಾಗಾಗಿ ಅನುಮಾನ ಬರಲಿಲ್ಲ. ಹನ್ನೊಂದು ಗಂಟೆಗೆ ಪೈಪ್ ಬಾಯಿಗಿಟ್ಟು ಎಳೆದರೆ ಎರಡು ಗುಟುಕು ಬಂತು, ಆಮೇಲೆ ಬರೀ ಗಾಳಿ.

ಬ್ಯಾಗ್ ಇಳಿಸಿ ನೋಡಿದೆ. ಬ್ಯಾಗಿನ ಬಟ್ಟೆಯಿಂದ ಒಣಹುಲ್ಲಿನ ಬಣ್ಣದ ಒಂದು ಮುಳ್ಳು ಉಗುರಿನಷ್ಟು ಹೊರಗೆ ಚಾಚಿತ್ತು. ಅದರ ತುದಿ ಒಳಗಿನ ಚೀಲದಲ್ಲಿತ್ತು. ಚೋಯಾ ಮುಳ್ಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಿಮ್ಮುಳ್ಳುಗಳಿರುತ್ತವೆ. ಹೋಗುವಾಗ ಸಲೀಸು, ಬರುವಾಗ ಕೊಕ್ಕೆ. ಇಕ್ಕಳದಲ್ಲಿ ಹಿಡಿದು ಎಳೆದಾಗ ತೂತು ಇನ್ನಷ್ಟು ಹರಿಯಿತು. ತಳದಲ್ಲಿ ಉಳಿದಿದ್ದ ನೀರು ಅಲ್ಲೇ ಒಂದು ಹನಿಯಾಗಿ ದಪ್ಪಗಾಗಿ, ಉರುಳಿ, ಮಣ್ಣಿಗೆ ಬಿತ್ತು. ಬಿದ್ದ ಜಾಗದ ಕಪ್ಪು ನಾನು ನೋಡುತ್ತಿದ್ದ ಹಾಗೇ ಆರಿಹೋಯಿತು.

ಫೆಬ್ರವರಿ ಆಗಿತ್ತು, ಅದಕ್ಕೇ ಬಚಾವಾದೆ. ಒಣಹಳ್ಳದ ದಂಡೆಯ ನೆರಳು ಹಿಡಿದು, ಬಾಯಿ ಮುಚ್ಚಿ ಮೂಗಲ್ಲೇ ಉಸಿರಾಡುತ್ತಾ, ಒಂದೇ ಸಮನೆ ನಿಧಾನವಾಗಿ ನಡೆದೆ. ಟ್ರಕ್ ತಲುಪುವ ಹೊತ್ತಿಗೆ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಅದೇ ಅಕ್ಟೋಬರ್ ಮೊದಲ ವಾರವಾಗಿದ್ದರೆ, ಬಿಸಿಲು 35 ಡಿಗ್ರಿ ಇದ್ದಿದ್ದರೆ, ಆ ಏಳು ಕಿಲೋಮೀಟರನ್ನು ನಾನು ಹಾಗೆ ನಡೆಯುತ್ತಿರಲಿಲ್ಲ.

ನನಗೆ ಸಿಟ್ಟು ಬಂದಿದ್ದು ಮುಳ್ಳಿನ ಮೇಲಲ್ಲ. ಇದು ಮುಳ್ಳಿನ ಸೀಮೆ, ಮುಳ್ಳು ಇದ್ದೇ ಇರುತ್ತದೆ. ಚೀಲ ಬ್ಯಾಗಿನೊಳಗೆ ಕೂತಿರುತ್ತದೆ, ಎಷ್ಟು ನೀರಿದೆ ಅಂತ ಕಾಣುವುದಿಲ್ಲ. ತೂತಾದರೂ ಹೊರಗೆ ಗೊತ್ತಾಗುವುದಿಲ್ಲ. ಇರುವುದೆಲ್ಲ ಒಂದೇ ಚೀಲದಲ್ಲಿ, ಹೋದರೆ ಮೂರು ಲೀಟರೂ ಹೋಯಿತು. ಬಾಟಲಿಗೆ ಮುಳ್ಳು ಚುಚ್ಚಿದರೆ, ಕೆಳಗೆ ಬಿದ್ದು ಒಡೆದರೆ, ಮುಚ್ಚಳ ಸಡಿಲಾದರೆ, ಒಂದು ಬಾಟಲಿ ಹೋಗುತ್ತದೆ, ಮೂರು ಉಳಿಯುತ್ತವೆ. ಅಂಗಡಿಯಲ್ಲಿ ಚೀಲ ಕೈಗೆತ್ತಿಕೊಂಡಾಗ ಇದು ಹೊಳೆಯಲೇ ಇಲ್ಲ.

ಪೈಪಿನ ಕಾಟ ಬೇರೆ. ಇಲ್ಲಿ ಕ್ಯಾಟ್‌ಕ್ಲಾ ಅಂತ ಒಂದು ಪೊದೆ ಇದೆ, ನಮ್ಮ ಸೀಗೆಯ ಹತ್ತಿರದ ನೆಂಟ. ಬೆಕ್ಕಿನ ಉಗುರಿನ ಹಾಗೆ ಬಾಗಿದ ಮುಳ್ಳು. ಸೀಗೆ ಮೆಳೆಗೆ ಸಿಕ್ಕವನ ಕಥೆ ನಿಮಗೆ ಗೊತ್ತಲ್ವಾ, ಅದೇ ಕಥೆ. ಜನ ಇದನ್ನು 'ಒಂದ್ನಿಮಿಷ ತಡಿ' ಗಿಡ ಅಂತಲೂ ಕರೆಯುತ್ತಾರೆ. ಪೈಪಿನ ತುದಿಯ ರಬ್ಬರ್ ಬಾಯಿಯನ್ನು ಅದು ಎರಡು ಸಲ ಕಿತ್ತುಕೊಂಡಿದೆ. ಸೀಸನ್ ಮುಗಿದ ಮೇಲೆ ಪೈಪ್ ಒಣಗಿಸದೆ ಇಟ್ಟರೆ ಒಳಗೆ ಕಪ್ಪು ಬೂಷ್ಟು. ಜನವರಿ ಬೆಳಗ್ಗೆ ಎತ್ತರದ ಜಾಗದಲ್ಲಿ ಪೈಪಿನ ನೀರು ಹೆಪ್ಪುಗಟ್ಟುತ್ತದೆ.

ಇನ್ನು ಮಿಲಿಟರಿ ಬಾಟಲಿ. ಇದು ಆ ಹಿರಿಯರ ಸೊತ್ತು, ಒಂದು ಸೀಸನ್ ನನಗೆ ಕೊಟ್ಟಿದ್ದರು. ಅದರ ಹೊದಿಕೆಯನ್ನು ಒದ್ದೆ ಮಾಡಿದರೆ ನಮ್ಮ ಮಣ್ಣಿನ ಹೂಜಿಯ ಕೆಲಸ ಮಾಡುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ತಂಪು. ಮುಳ್ಳು ಅದರ ಹತ್ತಿರವೂ ಸುಳಿಯುವುದಿಲ್ಲ. ಸೊಂಟಕ್ಕೆ ಕಟ್ಟಿದರೆ ಮರೆತೇಹೋಗುತ್ತದೆ. ಆದರೆ ಒಂದರಲ್ಲಿ ಹಿಡಿಯುವುದು ಲೀಟರಿಗೂ ಸ್ವಲ್ಪ ಕಡಿಮೆ. ಅರ್ಧ ಖಾಲಿಯಾದರೆ ಹೆಜ್ಜೆಗೊಂದು ಸಲ ಗುಳಕ್ ಗುಳಕ್ ಅನ್ನುತ್ತದೆ. ಅದಕ್ಕೇ ಶುರು ಮಾಡಿದ ಬಾಟಲಿಯನ್ನು ಪೂರ್ತಿ ಕುಡಿದು ಮುಗಿಸು, ಆಮೇಲೇ ನಡೆ ಅನ್ನುತ್ತಾರೆ ಹಿರಿಯರು. ಈ ಅಭ್ಯಾಸ ನನಗೂ ಅಂಟಿದೆ. ಬಾಯಾರಿಕೆ ಆಗುವ ಮೊದಲೇ ಕುಡಿದಂತೆ ಆಗುತ್ತದೆ.

ಗೇಟೊರೇಡ್ ಬಾಟಲಿ ತೋರಿಸಿಕೊಟ್ಟಿದ್ದೂ ಅವರೇ. ದೊಡ್ಡ ಸೈಜಿನದು ತಗೊಳ್ಳಿ, ಅದೂ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ತೆಳು ನೀರಿನ ಬಾಟಲಿ ಬೇಡ, ಮುಟ್ಟಿದರೆ ಚರಚರ ಅನ್ನುತ್ತದೆ, ಐವತ್ತು ಮೀಟರ್ ದೂರದ ಜಿಂಕೆ ಕಿವಿ ಎತ್ತುತ್ತದೆ. ಗೇಟೊರೇಡಿನದು ದಪ್ಪ, ಸದ್ದು ಕಡಿಮೆ. ಬಾಯಿ ಅಗಲ, ಸೋಪು ಹಾಕಿ ತೊಳೆಯಬಹುದು, ನಿಂಬೆರಸ ಉಪ್ಪು ಸಕ್ಕರೆ ಹಾಕಿ ಕುಲುಕಬಹುದು. ಬರೀ ನೀರನ್ನೇ ದಿನವಿಡೀ ಕುಡಿದರೆ ಬೆವರಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ಹಾಗಾಗಿ ನಾಲ್ಕರಲ್ಲಿ ಒಂದು ಬಾಟಲಿ ನನಗೆ ಯಾವತ್ತೂ ನಿಂಬೆ ಪಾನಕ. ಅಕ್ಟೋಬರಿನಲ್ಲಿ ಇನ್ನೊಂದನ್ನು ಮುಕ್ಕಾಲು ತುಂಬಿಸಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಡುತ್ತೇನೆ. ಮಧ್ಯಾಹ್ನ ಕೂತಾಗ ಒಳಗೆ ಇನ್ನೂ ಐಸ್ ತುಂಡು ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಅನುಕೂಲ ಲೆಕ್ಕ. ಎರಡು ಬಾಟಲಿ ಖಾಲಿಯಾದರೆ ವಾಪಸ್ ತಿರುಗು, ಎದುರು ಗುಡ್ಡದಲ್ಲಿ ಏನೇ ಕಂಡರೂ ಸರಿ. ಇದು ನಾನು ಮುರಿಯದ ನಿಯಮ. ಚೀಲದಲ್ಲಿ ಈ ಲೆಕ್ಕ ಮಾಡಲು ಬರುವುದಿಲ್ಲ.

ಚೀಲ ಗೆಲ್ಲುವ ಜಾಗವೂ ಒಂದಿದೆ. ಗ್ಯಾಂಬೆಲ್ಸ್ ಕ್ವೇಲ್ ಬೇಟೆ. ಇದು ನಮ್ಮ ಬುರ್ಲಿ ಹಕ್ಕಿಯನ್ನು ಹೋಲುವ ಹಕ್ಕಿ, ತಲೆ ಮೇಲೆ ಕಪ್ಪು ಜುಟ್ಟು, ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಅದರ ಹಿಂದೆ ಹೊರಟರೆ ಕೂರುವ ಮಾತೇ ಇಲ್ಲ, ಬೆಳಗಿನಿಂದ ನಡಿಗೆ. ಜೊತೆಗೆ ನಾಯಿ. ಪೈಪಿನ ತುದಿ ಒತ್ತಿ ನಾಯಿಯ ಬಾಯಿಗೆ ನೀರು ಚಿಮುಕಿಸುವುದು ಬಹಳ ಸುಲಭ, ಬಾಟಲಿಯಲ್ಲಿ ಅರ್ಧ ನೀರು ನೆಲಕ್ಕೆ. ನಿಮ್ಮದು ನಾಯಿ ಕಟ್ಟಿಕೊಂಡು ಹಕ್ಕಿ ಬೇಟೆ ಮಾತ್ರ ಅಂದರೆ ಚೀಲ ತಗೊಳ್ಳಿ, ಆದರೆ ಬ್ಯಾಗಿನ ಪಕ್ಕದ ಜೇಬಲ್ಲಿ ಒಂದು ತುಂಬಿದ ಬಾಟಲಿ ಇರಲೇಬೇಕು.

ಬೆಲೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ಗೇಟೊರೇಡಿಗೆ ಕೊಟ್ಟ ದುಡ್ಡಲ್ಲಿ ಗೇಟೊರೇಡೂ ಕುಡಿದಾಯಿತು.

ಮೂರಕ್ಕೂ ಸೇರುವ ಒಂದು ಮಾತು. ದಾರಿಯಲ್ಲಿ ದನಕ್ಕೆ ಕಟ್ಟಿದ ತೊಟ್ಟಿ, ಪ್ರಾಣಿಗಳಿಗಾಗಿ ಕಟ್ಟಿದ ಮಳೆನೀರಿನ ತೊಟ್ಟಿ ಸಿಗುತ್ತವೆ. ಅದನ್ನು ನಂಬಿ ಹೊರಡಬೇಡಿ, ಒಣಗಿರಬಹುದು. ನೀರಿದ್ದರೂ ಅದರ ಪಕ್ಕ ಡೇರೆ ಹಾಕಬೇಡಿ. ಕಾಲು ಮೈಲಿಯೊಳಗೆ ಬಿಡಾರ ಹೂಡಿ ಪ್ರಾಣಿಗಳಿಗೆ ಇರುವ ಒಂದೇ ನೀರನ್ನು ತಪ್ಪಿಸಿದರೆ ಅರಿಜೋನಾ ಕಾನೂನಿನಲ್ಲಿ ಅಪರಾಧ. ಕಾನೂನು ಹಾಗಿರಲಿ, ರಾತ್ರಿಯೆಲ್ಲ ಬೆಟ್ಟದಿಂದ ಇಳಿದು ಬಂದ ಜಿಂಕೆ ನಿಮ್ಮ ವಾಸನೆಗೆ ಹೆದರಿ ಬಾಯಾರಿ ವಾಪಸ್ ಹೋಗುತ್ತದೆ.

ಇನ್ನೊಂದು, ಒಂದು ಅಗಲ ಹಲ್ಲಿನ ಬಾಚಣಿಗೆ ಜೇಬಲ್ಲಿರಲಿ. ಮೊದಲ ದಿನ ಹಿರಿಯರು ಶರ್ಟಿನ ಜೇಬಿನಿಂದ ಅದನ್ನು ತೆಗೆದಾಗ ತಲೆ ಬಾಚುತ್ತಾರೆ ಅಂದುಕೊಂಡಿದ್ದೆ. ನನ್ನ ಮೊಣಕಾಲಿಗೆ ಅಂಟಿದ್ದ ಚೋಯಾ ತುಂಡಿನ ಕೆಳಗೆ ಬಾಚಣಿಗೆ ತೂರಿಸಿ ಒಂದೇ ಸಲಕ್ಕೆ ಎಗರಿಸಿದರು. ಕೈ ಹಾಕಿದ್ದರೆ ಕೈಗೂ ಅಂಟುತ್ತಿತ್ತು. ಈಗ ಎಲ್ಲೇ ಕೂರಲಿ, ಮೊದಲು ನೆಲ ನೋಡುತ್ತೇನೆ, ಬೂಟಿನ ಪಕ್ಕದಿಂದ ಒಂದು ಸಲ ಸರಿಸುತ್ತೇನೆ, ಆಮೇಲೆ ಬ್ಯಾಗ್ ಇಡುತ್ತೇನೆ.

ಈ ವರ್ಷದ ನಾಲ್ಕು ಬಾಟಲಿ ಆಗಲೇ ತೊಳೆದು ಅಡುಗೆಮನೆ ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ. ಒಂದರ ಮುಚ್ಚಳ ಹಳೆಯದಾಗಿ ಸಡಿಲ ಅನ್ನಿಸಿತು, ಅದನ್ನು ಬದಲಿಸಬೇಕು.