ಬಚ್ಚಲ ಪೈಪಿಗೆ ಐದು ಮೀಟರ್ ಸ್ಪ್ರಿಂಗ್

ನಮ್ಮ ಬಚ್ಚಲಿನಲ್ಲಿ ನೀರು ಇಳಿಯಲು ಮೊಂಡಾಟ ಶುರುಮಾಡಿ ತಿಂಗಳಾಗಿತ್ತು. ಮೊದಮೊದಲು ಮೈ ಒರೆಸಿಕೊಳ್ಳುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಆಮೇಲೆ ಸಾಬೂನಿನ ನೊರೆ ಹೊತ್ತು ಮಧ್ಯಾಹ್ನದವರೆಗೂ ಅಲ್ಲೇ ನಿಂತಿರುತ್ತಿತ್ತು. ಕೊನೆಗೆ, ಪೈಪಿನೊಳಗೆ ಇಳಿಸಿ ಅಲ್ಲಿ ಕಟ್ಟಿಕೊಂಡ ಕೂದಲನ್ನು ಎಳೆದು ತೆಗೆಯಲು, ಕೈಯಲ್ಲಿ ತಿರುಗಿಸುವ ತಂತಿಯ ಸ್ಪ್ರಿಂಗ್ ತಂದೆ. ಉದ್ದ 5 ಮೀಟರ್, ದಪ್ಪ 6 ಮಿಲಿಮೀಟರ್. ಪ್ಲಾಸ್ಟಿಕ್ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡಿರುತ್ತದೆ.

ಅದಕ್ಕೂ ಮೊದಲು ಅಡುಗೆ ಸೋಡಾ, ವಿನೆಗರ್ ಸುರಿದಿದ್ದೆ. ಚೆನ್ನಾಗಿ ಬುಸುಗುಟ್ಟಿತು, ಅಷ್ಟೇ. ಆಮ್ಲವೂ ಕ್ಷಾರವೂ ಒಂದನ್ನೊಂದು ತಣ್ಣಗಾಗಿಸಿದ ಮೇಲೆ ಕೂದಲಿಗೆ ಅದರಿಂದೇನು? ಕಾಸ್ಟಿಕ್ ಸೋಡಾ ಜಿಡ್ಡನ್ನು ಸಾಬೂನಾಗಿಸಿ ಕರಗಿಸುತ್ತದೆ, ಕೂದಲನ್ನೂ ನಿಧಾನವಾಗಿ ತಿನ್ನುತ್ತದೆ ನಿಜ. ಆದರೆ ಕಟ್ಟಿದ್ದು ಬಿಡದಿದ್ದರೆ ಮೈ ಸುಡುವ ಆ ನೀರು ಪೈಪಿನಲ್ಲೇ ಉಳಿಯುತ್ತದೆ. ಬಳಿಕ ಸ್ಪ್ರಿಂಗ್ ಇಳಿಸಿದವನ ಮುಖಕ್ಕೆ ಸಿಡಿಯುತ್ತದೆ. ಹಾಗಾಗಿ ಕಾಸ್ಟಿಕ್ ಸೋಡಾವನ್ನು ನಾನು ಮುಟ್ಟಲಿಲ್ಲ.

ಜಾಲರಿ ತೆಗೆದು ಸ್ಪ್ರಿಂಗ್ ಇಳಿಸಿದಾಗ ಒಂದು ಮೊಳದಲ್ಲೇ ತಡೆಯಿತು. ಸಿಕ್ಕಿತೆಂದು ಹಿಗ್ಗಿದೆ. ಸಿಕ್ಕಿದ್ದು ಪೈಪಿನ ತಿರುವು. ಅಲ್ಲಿ ಒತ್ತಿದರೆ ತಂತಿ ಹೊರಗೇ ಬಾಗಿ ಮೊಣಕೈಗೆ ಬಡಿಯುತ್ತದೆ. ಮೆಲ್ಲಗೆ ತಿರುಗಿಸುತ್ತ ಬಿಟ್ಟರೆ ತಾನೇ ಹೊರಳಿ ಮುಂದೆ ಹೋಗುತ್ತದೆ. ನಿಜವಾದ ಗಂಟು ಸಿಕ್ಕಾಗ ಕೈಗೆ ಬೇರೆಯೇ ಗೊತ್ತಾಗುತ್ತದೆ: ಒದ್ದೆ ಬಟ್ಟೆಗೆ ಕೊಕ್ಕೆ ಹಾಕಿದಂಥ ಮೆತ್ತನೆಯ ಎಳೆತ. ಹೊರಗೆ ಎಳೆಯುವಾಗಲೂ ಅದೇ ದಿಕ್ಕಿಗೆ ತಿರುಗಿಸುತ್ತಿರಬೇಕು. ಹಿಂದಕ್ಕೆ ತಿರುಗಿಸಿ ಮೊದಲ ಸಲದ ಬೇಟೆಯನ್ನು ನಾನು ಕಳೆದುಕೊಂಡೆ.

ಎರಡನೆಯ ಸಲ ಬಂದದ್ದು ಬೂದುಬಣ್ಣದ ಲೋಳೆ ಮೆತ್ತಿದ, ಗೇಣುದ್ದದ ಜಡೆ. ಅದರ ನಡುವೆ ಟೂತ್‌ಪೇಸ್ಟಿನ ಮುಚ್ಚಳ. ಬಾಗಿಲಲ್ಲಿ ಮೂಗು ಮುಚ್ಚಿ ನಿಂತಿದ್ದ ಹೆಂಡತಿ, "ಇಷ್ಟೂ ನನ್ನ ಕೂದಲಲ್ಲ" ಎಂದಳು. ನನ್ನ ಬೋಳುತಲೆ ನೋಡಿ ತಾನೇ ನಕ್ಕಳು. ಆ ಗಳಿಗೆಯಲ್ಲೇ ನಿಂತ ನೀರು ಗೊಳಗೊಳ ಸದ್ದು ಮಾಡಿ ಸುಳಿ ಸುತ್ತುತ್ತ ಇಳಿಯಿತು.

ಕೊರತೆಗಳೂ ಇವೆ. ತಂತಿಯನ್ನು ಬಿಗಿಹಿಡಿಯುವ ತಿರುಪು ಒದ್ದೆಯಾದರೆ ಜಾರುತ್ತದೆ, ಇಕ್ಕಳದಿಂದ ಬಿಗಿಯಬೇಕಾಯಿತು. ಒರೆಸದೆ ಸುತ್ತಿಟ್ಟರೆ ಮರುದಿನ ಡಬ್ಬಿಯಿಂದ ಕಪ್ಪುನೀರು ತೊಟ್ಟಿಕ್ಕುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ಇದು ನನಗೆ ನಿರಾಶೆ ಮಾಡಿತು. ಜಿಡ್ಡಿನಲ್ಲಿ ತೂತು ಕೊರೆಯಿತೇ ಹೊರತು ಅದನ್ನು ಹೊರಗೆ ತರಲಿಲ್ಲ; ವಾರದೊಳಗೆ ಮತ್ತೆ ಕಟ್ಟಿತು. ಅಲ್ಲಿ ಕೆಳಗೊಂದು ಬಕೆಟ್ ಇಟ್ಟು, ಬಾಗುಪೈಪನ್ನೇ ಬಿಚ್ಚಿ ತೊಳೆದೆ. ಕಮೋಡಿಗಂತೂ ಇದನ್ನು ಇಳಿಸಬೇಡಿ, ಬರಿಯ ಉಕ್ಕು ಪಿಂಗಾಣಿಯನ್ನು ಗೀಚುತ್ತದೆ.

ಕೂದಲಿನ ಕಟ್ಟಿಗೆ ಮಾತ್ರ ಐದಕ್ಕೆ ನಾಲ್ಕು ಅಂಕ. ಉಳಿದ ಒಂದನ್ನು ಆ ಜಾರುವ ತಿರುಪಿಗಾಗಿ ಹಿಡಿದಿಟ್ಟಿದ್ದೇನೆ.